ಬೋರ್ಡ್ ಇಲ್ಲದ ಫುಟ್‌ಬಾಲ್ ಕ್ಲಾಸ್: ಗೌತಮಪುರದ ತಾತನ ಮನೆಯವರು

ಹಲಸೂರಿನ ಪಕ್ಕದ ಗೌತಮಪುರಕ್ಕೆ ಬಂದು ‘ತಾತನ ಫುಟ್‌ಬಾಲ್ ಕ್ಲಾಸ್ ಎಲ್ಲಿ’ ಅಂತ ಕೇಳಿದರೆ ಸಾಕು, ಮಕ್ಕಳೇ ಕರೆದುಕೊಂಡು ಹೋಗುತ್ತಾರೆ. ಬೋರ್ಡ್ ಇಲ್ಲ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಏರಿಯಾ ಅದು, ಫುಟ್‌ಬಾಲ್ ಅಂದರೆ ಅಲ್ಲಿ ದಾರಿ ಹೇಳದವರಿಲ್ಲ. ನನ್ನ ಮಗಳಿಗೆ ಹತ್ತು ವರ್ಷ. ಹನ್ನೊಂದು ತಿಂಗಳಿಂದ ಅಲ್ಲಿಗೆ ಹೋಗುತ್ತಿದ್ದಾಳೆ. ಆಟ ಹೇಗೆ ಕಲಿಸುತ್ತಾರೆ ಅನ್ನುವುದಕ್ಕಿಂತ ಕಲಿಸುವ ಆ ನಾಲ್ಕು ಜನರ ಬಗ್ಗೆ ಬರೆಯಬೇಕು ಅನ್ನಿಸಿತು.

ಮೊದಲು ಬೇರೊಂದು ಕಡೆ ಸೇರಿಸಿದ್ದೆ. ಹಸಿರು ಟರ್ಫ್, ಫ್ಲಡ್‌ಲೈಟ್, ಎರಡು ಜೊತೆ ಜೆರ್ಸಿ, ಮೂರು ತಿಂಗಳ ಫೀಸ್ ಒಟ್ಟಿಗೆ. ಆ ಮೂರು ತಿಂಗಳಲ್ಲಿ ಒಂದು ದಿನವೂ ಮಗಳನ್ನು ಹೆಸರು ಹಿಡಿದು ಕರೆಯಲಿಲ್ಲ, ಜೆರ್ಸಿ ನಂಬರ್ ಹೇಳಿ ಕರೆಯುತ್ತಿದ್ದರು. ಹಿಮ್ಮಡಿ ನೋಯುತ್ತೆ ಅಂತ ಅವಳು ಹೇಳಿದರೆ ‘ಓಡು, ಸರಿಹೋಗುತ್ತೆ’ ಅಂದರಂತೆ. ಮನೆಗೆ ಬಂದು ಅಳುತ್ತಿದ್ದಳು. ಬಿಡಿಸಿಬಿಟ್ಟೆ.

ತಾತನ ಗ್ರೌಂಡಿಗೆ ಹೋದ ಮೊದಲ ದಿನ ಫೀಸ್ ಎಷ್ಟು ಅಂತ ಕೇಳುತ್ತಾ ನಿಂತಿದ್ದೆ. ರಿಜಿಸ್ಟರ್ ಬರೆಯುತ್ತಿದ್ದವರು ತಾತನ ಸೊಸೆ. ಮಕ್ಕಳೆಲ್ಲ ಅವರನ್ನು ಅಕ್ಕ ಅನ್ನುತ್ತಾರೆ. ಅವರು ನನ್ನ ಮಾತು ಕೇಳುತ್ತಲೇ ಮಗಳ ಕಾಲು ನೋಡುತ್ತಿದ್ದರು. ‘ಮಗು ಮುಂಗಾಲಲ್ಲೇ ನಡೀತಿದೆಯಲ್ಲಮ್ಮಾ, ಹಿಮ್ಮಡಿ ನೋವಾ?’ ಅಂದರು. ಪೆನ್ನು ಕೆಳಗಿಟ್ಟು, ನೆಲದ ಮೇಲೆ ಕೂತು, ಮಗಳ ಶೂ ತಾವೇ ಬಿಚ್ಚಿದರು. ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯ ಎರಡೂ ಬದಿಯನ್ನು ಮೆಲ್ಲಗೆ ಒತ್ತಿದರು. ಮಗಳು ಚಿಟ್ಟನೆ ಚೀರಿದಳು. ‘ಇವತ್ತು ಆಡೋದು ಬೇಡ ಪುಟ್ಟಾ. ಅಮ್ಮಾ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಫೀಸಿನ ಮಾತು ಆಮೇಲೆ.’

ಡಾಕ್ಟರೂ ಅದೇ ಜಾಗ ಒತ್ತಿ ನೋಡಿದರು. ಸೀವರ್ಸ್ ಅಂತ ಅದರ ಹೆಸರು. ಮಕ್ಕಳು ಎತ್ತರ ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೀನಖಂಡದಿಂದ ಇಳಿದು ಬರುವ ಸ್ನಾಯುರಜ್ಜು ಅದನ್ನು ಎಳೆಯುತ್ತಿರುತ್ತೆ. ಓಟ, ಜಿಗಿತ ಜಾಸ್ತಿಯಾದರೆ ನೋವು. ಫುಟ್‌ಬಾಲ್ ಆಡುವ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯವಂತೆ. ವಿಶ್ರಾಂತಿ, ಐಸ್, ಮೀನಖಂಡ ಎಳೆಯುವ ವ್ಯಾಯಾಮ, ಇಷ್ಟೇ ಔಷಧಿ.

ಐದು ವಾರ ಆಡುವಂತಿರಲಿಲ್ಲ. ‘ಮನೇಲಿ ಕೂರಿಸಬೇಡಿ, ಕಳಿಸಿ’ ಅಂದರು ಅಕ್ಕ. ಹೋಗಿ ತಾತನ ಪಕ್ಕ ಕೂತು ಸ್ಕೋರ್ ಬರೆದಳು. ಆ ಐದು ವಾರಕ್ಕೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ತಾತನಿಗೆ ಎಂಬತ್ತರ ಹತ್ತಿರ. ಫ್ಯಾಕ್ಟರಿ ಟೀಮಿನಲ್ಲಿ ಆಡಿದವರು. ಕನ್ನಡ, ತಮಿಳು ಕಲಸಿ ಮಾತಾಡುತ್ತಾರೆ, ಎಲ್ಲ ಮಕ್ಕಳೂ ಅವರಿಗೆ ‘ಕಣ್ಣಾ’. ಗಾಳಿ ಹೊಡೆಯುವ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಪಂಪಿನ ಸೂಜಿಯನ್ನು ನೀರಿನ ಲೋಟದಲ್ಲಿ ಅದ್ದಿ, ನಿಧಾನಕ್ಕೆ ತಿರುಗಿಸುತ್ತಾ ಬಾಲಿನೊಳಗೆ ಇಳಿಸುತ್ತಾರೆ. ಒಣ ಸೂಜಿ ಚುಚ್ಚಿದರೆ ಒಳಗಿನ ವಾಲ್ವ್ ಹರಿಯುತ್ತೆ, ಅದಕ್ಕೆ. ನಾಲ್ಕು ಸಲ ಹೊಡೆದು ಹೆಬ್ಬೆರಳಲ್ಲಿ ಒತ್ತಿ, ಮತ್ತೆ ಎರಡು ಸಲ ಹೊಡೆದು, ಕಿವಿಯ ಹತ್ತಿರ ಹಿಡಿದು ತಟ್ಟುತ್ತಾರೆ. ಈಗ ನನ್ನ ಮಗಳೂ ಹಾಗೇ ಕಿವಿಗಿಟ್ಟು ತಟ್ಟುತ್ತಾಳೆ.

ಆ ಐದು ವಾರದಲ್ಲಿ ಅವಳಿಗೆ ಕಥೆ ಎಷ್ಟು ಸಿಕ್ಕಿತು ಅಂತೀರಿ! 1962ರಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯನ್ ಗೇಮ್ಸ್ ಫೈನಲ್, ದಕ್ಷಿಣ ಕೊರಿಯಾವನ್ನು 2-1ರಲ್ಲಿ ಸೋಲಿಸಿ ಭಾರತ ಚಿನ್ನ ಗೆದ್ದದ್ದು, ಆ ತಂಡದಲ್ಲಿದ್ದ ನಮ್ಮ ಬೆಂಗಳೂರಿನ ಅರುಮೈನಾಯಗಂ. 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಎತ್ತಿದ ರಾತ್ರಿಯ ಮಾತು ಬಂದರೆ ಇವತ್ತಿಗೂ ತಾತನ ಕಣ್ಣು ಒದ್ದೆಯಾಗುತ್ತೆ. 1968-69ರ ಗೆಲುವಿನ ನಂತರ ಮತ್ತೆ ಆ ಟ್ರೋಫಿ ಬರುವುದನ್ನು ಕಾದಿದ್ದವರು ಅವರು.

ನಿಜವಾದ ಕೋಚಿಂಗ್ ಮಾಡುವುದು ಮಗ. ಬೆಳಗ್ಗೆಯಿಂದ ಬೇರೆ ಕೆಲಸ, ಸಂಜೆ ಗ್ರೌಂಡ್. ಕೋಚಿಂಗ್ ಲೈಸೆನ್ಸ್ ಮಾಡಿಕೊಂಡಿದ್ದಾರೆ. ಹತ್ತರ ಮಕ್ಕಳಿಗೆ ನಾಲ್ಕನೇ ಸೈಜಿನ ಬಾಲ್, ದೊಡ್ಡ ಐದನೇ ಸೈಜ್ ಹದಿಮೂರಕ್ಕೆ ಮುಂಚೆ ಕೊಡುವುದಿಲ್ಲ. ಚಿಕ್ಕ ಜಾಗದಲ್ಲಿ ನಾಲ್ಕು ನಾಲ್ಕು ಜನರ ಆಟ ಆಡಿಸುತ್ತಾರೆ, ಎಲ್ಲರ ಕಾಲಿಗೂ ಬಾಲ್ ಸಿಗಲಿ ಅಂತ. ನನ್ನ ಮಗಳ ಎಡಗಾಲು ಸುಮ್ನೆ ಜೊತೆಗಿತ್ತು ಅಷ್ಟೇ, ಈಗ ಅದರಲ್ಲೂ ಪಾಸ್ ಕೊಡುತ್ತಾಳೆ. ಆರೇಳು ವರ್ಷದ ಪುಟಾಣಿಗಳನ್ನು ನೋಡಿಕೊಳ್ಳುವುದು ಮೊಮ್ಮಗಳು, ಡಿಗ್ರಿ ಓದುವ ಹುಡುಗಿ.

ಅಪ್ಪ ಮಗನಿಗೆ ಒಂದು ವಿಷಯದಲ್ಲಿ ಮಾತ್ರ ಹೊಂದುವುದಿಲ್ಲ. ಬರಿಗಾಲಲ್ಲಿ ಆಡಿದರೇ ಕಾಲಿಗೆ ಬಾಲಿನ ಹಿಡಿತ, ಆ ‘ಟಚ್’ ಬರೋದು ಅಂತ ತಾತ, ಗಾಯವಾಗುತ್ತೆ ಅಂತ ಮಗ. ಕೊನೆಗೆ ದಿನಕ್ಕೆ ಹತ್ತು ನಿಮಿಷ ಬರಿಗಾಲು ಅಂತ ಒಪ್ಪಿಕೊಂಡಿದ್ದಾರೆ. ಅದಕ್ಕಾಗಿ ಅಕ್ಕ ದಿನಾ ಅರ್ಧ ಗಂಟೆ ಮುಂಚೆ ನೀಲಿ ಬಕೆಟ್ ಹಿಡಿದು ಗ್ರೌಂಡಿಗೆ ಬರುತ್ತಾರೆ. ಬಗ್ಗಿ ಬಗ್ಗಿ ಗಾಜಿನ ಚೂರು, ಬಾಟಲಿ ಮುಚ್ಚಳ, ಮೊಳೆ ಆರಿಸುತ್ತಾರೆ. ಒಂದು ಸಲ ಬಕೆಟ್ ಒಳಗೆ ಇಣುಕಿ ನೋಡಿದೆ. ಮೈ ಜುಂ ಅಂದಿತು.

ಕೊರತೆಗಳೂ ಇವೆ, ಹೇಳಲೇಬೇಕು. ಮಣ್ಣಿನ ಗ್ರೌಂಡ್, ಬೇಸಿಗೆಯಲ್ಲಿ ಧೂಳು ವಿಪರೀತ. ಉಬ್ಬಸ ಇರುವ ಮಕ್ಕಳನ್ನು ಕಳಿಸುವ ಮುಂಚೆ ಯೋಚಿಸಿ. ಮಳೆ ಬಂದರೆ ಕ್ಲಾಸ್ ಇಲ್ಲ ಅನ್ನುವ ಮೆಸೇಜ್ ನಾವು ಅರ್ಧ ದಾರಿಗೆ ಬಂದ ಮೇಲೆ ಬರುತ್ತೆ. ಭಾನುವಾರ ಮೂವತ್ತು ಮಕ್ಕಳಾಗಿಬಿಡುತ್ತಾರೆ, ಆವತ್ತು ಒಬ್ಬೊಬ್ಬರ ಕಡೆ ಗಮನ ಕಡಿಮೆ. ಎರಡು ಬ್ಯಾಚ್ ಮಾಡಿದರೆ ಒಳ್ಳೆಯದು, ಅವರಿಗೂ ಹೇಳಿದ್ದೇನೆ. ಗ್ರೌಂಡಿನಲ್ಲಿ ಟಾಯ್ಲೆಟ್ ಇಲ್ಲ, ಹೆಣ್ಣುಮಕ್ಕಳನ್ನು ಅಕ್ಕ ತಮ್ಮ ಮನೆಗೇ ಕರೆದುಕೊಂಡು ಹೋಗುತ್ತಾರೆ.

ತಿಂಗಳಿಗೆ 1,200 ರೂಪಾಯಿ. ಅಣ್ಣ ತಂಗಿ ಇಬ್ಬರೂ ಬಂದರೆ ಎರಡನೆಯವರಿಗೆ ಅರ್ಧ. ಉದ್ದ ಮುಳ್ಳಿನ ಸ್ಟಡ್ಸ್ ಕೊಡಿಸಬೇಡಿ. ಗಟ್ಟಿ ನೆಲಕ್ಕೆ ಸಣ್ಣ ರಬ್ಬರ್ ಗುಬ್ಬಿಗಳಿರುವ ಟರ್ಫ್ ಶೂ ಸಾಕು, ಹಿಮ್ಮಡಿಗೂ ಒಳ್ಳೆಯದು. ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್, ನೀರಿನ ಬಾಟಲಿ ಮರೆಯಬೇಡಿ. ಕ್ಲಾಸ್ ಐದಕ್ಕೆ. ನಾಲ್ಕೂವರೆಗೇ ಬಂದರೆ ಅಕ್ಕ ಬಕೆಟ್ ಹಿಡಿದು ಗೋಲ್‌ಪೋಸ್ಟ್ ಹತ್ತಿರ ಇರುತ್ತಾರೆ. ನಾನು ಈಗ ಆ ಹೊತ್ತಿಗೇ ಹೋಗುತ್ತೇನೆ, ಎಡಗಡೆ ಮೂಲೆ ನನ್ನ ಪಾಲಿನದು.