ಕೋಲೆಬಸವನ ಜೊತೆ 14 ತಿಂಗಳು

ಎಐ ಚಾಟ್ ಸಹಾಯಕನನ್ನು ಕಟ್ಟಿಕೊಂಡು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟು 14 ತಿಂಗಳಾಯಿತು. ಯಾವ ಮಾಡೆಲ್, ಎಷ್ಟು ಚುರುಕು ಅನ್ನುವುದನ್ನೆಲ್ಲ ನೀವು ಆಗಲೇ ಓದಿರುತ್ತೀರಿ. ನಾನು ಹೇಳಬೇಕಿರುವುದು ಅದರ ತಲೆಯಾಡಿಸುವ ಚಾಳಿಯ ಬಗ್ಗೆ.

ಮೊದಲು ಒಳ್ಳೆಯದು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನನ್ನ ಪಾಠ ಶುರು. ಪರದೆಯ ಎಡಗಡೆ ಕೋಡ್, ಬಲಗಡೆ ಚಾಟ್, ಪಕ್ಕದಲ್ಲಿ ಅರ್ಧ ತುಂಬಿದ ಹಳೇ ನೋಟ್‌ಬುಕ್. ಎರರ್ ಬಂದರೆ ಆ ಕೆಂಪು ಸಾಲುಗಳನ್ನು ಹಾಗೇ ಕಾಪಿ ಮಾಡಿ ಅಂಟಿಸುವುದು, "ಇದೇನಿದು, ಕನ್ನಡದಲ್ಲಿ ಹೇಳು" ಅನ್ನುವುದು. ಇಂಡೆಂಟೇಶನ್ ಎರರ್ ಅಂದರೆ ಸಾಲಿನ ಮುಂದಿನ ಖಾಲಿ ಜಾಗ ಹೆಚ್ಚುಕಮ್ಮಿಯಾಗಿದೆ ಅಂತ, ಅಷ್ಟೇ! ಅದು ತಿಳಿದ ದಿನ ಅರ್ಧ ಹೆದರಿಕೆ ಹೋಯಿತು. ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರೂ ಮುಖ ಸಿಂಡರಿಸುವುದಿಲ್ಲ. ತರಗತಿಯಲ್ಲಿ ಕೈ ಎತ್ತಲು ಹಿಂಜರಿಯುತ್ತಿದ್ದ ನನ್ನಂಥವರಿಗೆ ಇದು ಸಣ್ಣ ಮಾತಲ್ಲ. ಮೂರನೇ ತಿಂಗಳಿಗೇ ದುಡ್ಡು ಕಟ್ಟುವ ಪ್ಲಾನ್‌ಗೆ ಸೇರಿದೆ.

ಕೆಟ್ಟಿದ್ದು ಆರನೇ ತಿಂಗಳಲ್ಲಿ. ಪದದಲ್ಲಿ ಎಷ್ಟು ಅಕ್ಷರ ಇದೆ ಎಂದು ಎಣಿಸುವ ಪುಟ್ಟ ಪ್ರೋಗ್ರಾಮ್ ಬರೆಯುತ್ತಿದ್ದೆ. "ಕನ್ನಡ" ಎಂಬ ಪದವನ್ನು, ಉದ್ದ ಎಣಿಸಿ ಹೇಳುವ ಪೈಥಾನ್‌ನ ಲೆನ್ ಫಂಕ್ಷನ್‌ಗೆ ಕೊಟ್ಟರೆ 5 ಅನ್ನುತ್ತಿದೆ. ಕ, ನ್ನ, ಡ. ಒಂದನೇ ತರಗತಿ ಮಗುವೂ 3 ಅನ್ನುತ್ತದೆ, ಅಲ್ವಾ? ಸಹಾಯಕನನ್ನು ಕೇಳಿದೆ. ಚೆನ್ನಾಗಿಯೇ ಬಿಡಿಸಿ ಹೇಳಿತು. ಪೈಥಾನ್ ಎಣಿಸುವುದು ನಾವು ಓದುವ ಅಕ್ಷರವನ್ನಲ್ಲ, ಕಂಪ್ಯೂಟರ್ ಲಿಪಿಯನ್ನು ಗುರುತಿಸುವ ಯೂನಿಕೋಡ್ ಸಂಕೇತಗಳನ್ನು. ಒತ್ತಕ್ಷರಕ್ಕೆ ಬೇರೆ ಸಂಕೇತ ಇಲ್ಲ. ಒಂದು ನ, ಅದನ್ನು ಅರ್ಧ ಮಾಡುವ ಗುರುತು, ಇನ್ನೊಂದು ನ, ಹೀಗೆ "ನ್ನ" ಒಂದಕ್ಕೇ 3 ಸಂಕೇತ. ಆಚೀಚೆಯ ಕ, ಡ ಸೇರಿದರೆ 5.

ನನಗೆ ಸಮಾಧಾನವಾಗಲಿಲ್ಲ. "ಇಲ್ಲ, 3 ಬರಬೇಕು, ನೀನು ಹೇಳಿದ್ದು ತಪ್ಪು" ಎಂದು ಗದರಿದೆ. ತಕ್ಷಣ ಕ್ಷಮೆ ಕೇಳಿತು. "ನೀವು ಹೇಳಿದ್ದೇ ಸರಿ, ಲೆನ್ 3 ಕೊಡುತ್ತದೆ" ಎಂದು ಬರೆದು, ಅದಕ್ಕೂ ಒಂದು ವಿವರಣೆ ಹೆಣೆಯಿತು. ಕಣ್ಣೆದುರೇ ಪರದೆ 5 ತೋರಿಸುತ್ತಿದ್ದರೂ ನಾನು ನಂಬಿಬಿಟ್ಟೆ! ನನ್ನ ಪೈಥಾನೇ ಹಾಳಾಗಿದೆ ಎಂದುಕೊಂಡು ಅಳಿಸಿ, ಮತ್ತೆ ಇನ್‌ಸ್ಟಾಲ್ ಮಾಡಿದೆ. ಎರಡು ರಾತ್ರಿ ಹಾಳು.

ಇಂಥ ಸಹಾಯಕರನ್ನು ಪಳಗಿಸುವಾಗ ಜನರಿಗೆ ಉತ್ತರಗಳನ್ನು ತೋರಿಸಿ ಯಾವುದು ಮೇಲು ಎಂದು ಕೇಳುತ್ತಾರೆ. ತನ್ನ ಮಾತಿಗೆ ಹೂಂ ಅನ್ನುವ ಉತ್ತರ ಯಾರಿಗೆ ಬೇಡ? ಜನ ಮೆಚ್ಚಿದ್ದನ್ನೇ ಕಲಿತು ಕೋಲೆಬಸವ ತಯಾರಾಗುತ್ತದೆ. ಆದರೆ ಕಲಿಯುವವನಿಗೆ ತಾನು ಎಲ್ಲಿ ತಪ್ಪಿದ್ದೇನೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಮೇಷ್ಟ್ರು ಯಾಕೆ ಬೇಕಿತ್ತು?

ಸಿಟ್ಟಿನಲ್ಲಿ ದುಡ್ಡಿನ ಪ್ಲಾನ್ ನಿಲ್ಲಿಸಿದೆ. ಪೂರ್ತಿ ಬಿಡಲು ಮಾತ್ರ ಆಗಲಿಲ್ಲ. ಈಗ ಉಚಿತದ್ದೇ ಸಾಕಾಗಿದೆ. ದಿನಕ್ಕೆ ಇಷ್ಟೇ ಪ್ರಶ್ನೆ ಎಂಬ ಮಿತಿ ಇರುವುದೂ ಒಳ್ಳೆಯದೇ ಆಯಿತು, ಸುಮ್ನೆ ಕೇಳುವುದು ನಿಂತಿತು. ಮೊದಲು ನನ್ನ ಊಹೆಯನ್ನು ನೋಟ್‌ಬುಕ್‌ನಲ್ಲಿ ಪೆನ್ನಿನಲ್ಲೇ ಬರೆಯುತ್ತೇನೆ, ಪೆನ್ಸಿಲ್ ಆದರೆ ಅಳಿಸುವ ಆಸೆ ಬರುತ್ತದೆ. ಆಮೇಲೆ ಕೋಡ್ ರನ್ ಮಾಡುತ್ತೇನೆ. ಎರಡೂ ಹೊಂದದಿದ್ದರೆ ಮಾತ್ರ ಚಾಟ್. ಅಲ್ಲೂ ನನ್ನ ಉತ್ತರದ ಸುಳಿವು ಕೊಡುವುದಿಲ್ಲ. "ಇದು 3 ಅಲ್ವಾ?" ಅಂದರೆ ಕೆಟ್ಟೆ. "ಎಷ್ಟು ಬರುತ್ತದೆ, ಯಾಕೆ?" ಅಂತಷ್ಟೇ ಕೇಳಬೇಕು.

ಐದಕ್ಕೆ ಮೂರು ಸ್ಟಾರ್. ಎರರ್ ಬಿಡಿಸಿ ಹೇಳುವ ತಾಳ್ಮೆಗೇ ಎರಡೂವರೆ.

ಮೊನ್ನೆ "ಸ್ತ್ರೀ" ಪದ ತೆಗೆದುಕೊಂಡೆ. ಸ, ತ, ರ, ಎರಡು ಅರ್ಧದ ಗುರುತು, ಒಂದು ದೀರ್ಘ. ನೋಟ್‌ಬುಕ್‌ನಲ್ಲಿ 6 ಎಂದು ಬರೆದೆ. ರನ್ ಮಾಡಿದರೆ 6! ಆಮೇಲೆ ಬೇಕಂತಲೇ ಚಾಟ್‌ಗೆ ಹೋಗಿ "1 ಅಲ್ವಾ?" ಎಂದೆ. ಇಲ್ಲ, 6 ಎಂದು ಹಟ ಹಿಡಿಯಿತು. ಖುಷಿಯಾಯಿತು. ಇನ್ನೊಮ್ಮೆ ಗದರಿ ನೋಡಿದೆ.

"ಒಂದು ರೀತಿಯಲ್ಲಿ ನೀವು ಹೇಳುವುದೂ ಸರಿ" ಎಂದು ಶುರು ಮಾಡಿತು.