ಯಾರೋ 'ಕ್ಲೀನ್' ಮಾಡಿ ಕೊಟ್ಟ ಪಿಡಿಬಿ ಫೈಲ್ ನಂಬಬೇಡಿ

ಡಾಕಿಂಗ್ (ಔಷಧಿಯ ಅಣು ಪ್ರೋಟೀನ್‌ನಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು) ಕಲಿಯುತ್ತಿರುವ ಬಯೋಟೆಕ್, ಫಾರ್ಮಸಿ ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಓದಿ. ದುಡ್ಡು ಕಟ್ಟಿ ಸೇರಿದ್ದ ಒಂದು ಆನ್‌ಲೈನ್ ಕೋರ್ಸ್‌ನಲ್ಲಿ ನಮಗೆ ಪ್ರೋಟೀನ್‌ನ ಪಿಡಿಬಿ ಫೈಲ್ (ಪ್ರತಿ ಪರಮಾಣು ಎಲ್ಲಿದೆ ಅಂತ ಬರೆದಿರುವ ಫೈಲ್) ಕೊಟ್ಟು, ಎಲ್ಲಾ ಕ್ಲೀನ್ ಆಗಿದೆ, ನೇರವಾಗಿ ಡಾಕಿಂಗ್ ಮಾಡಿ ಅಂದರು. ಆ ಫೈಲ್‌ನಿಂದ ನಮ್ಮ ತಂಡದ ಪ್ರಾಜೆಕ್ಟ್ ಪೂರ್ತಿ ಹಾಳಾಯಿತು.

ಪ್ರೋಟೀನ್ ಕಾರ್ಬಾನಿಕ್ ಅನ್‌ಹೈಡ್ರೇಸ್ 2. ಗ್ಲಾಕೋಮಾಗೆ ಕೊಡುವ ಅಸೆಟಜೋಲಮೈಡ್ ತಡೆಯುವುದು ಇದನ್ನೇ. ಇದರ ಒಳಗೆ ಒಂದು ಜಿಂಕ್ ಇದೆ. 94, 96, 119ನೇ ಸ್ಥಾನದ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲಗಳು ಅದನ್ನು ಹಿಡಿದುಕೊಂಡಿರುತ್ತವೆ, ಔಷಧಿಯ ಸಲ್ಫೋನಮೈಡ್ ತುದಿ ನೇರವಾಗಿ ಆ ಜಿಂಕ್‌ಗೇ ಕೂರುತ್ತದೆ. ಇಡೀ ಕಥೆಯೇ ಜಿಂಕ್‌ದು, ಅಲ್ವಾ? ನಮಗೆ ಕೊಟ್ಟ ಫೈಲ್‌ನಲ್ಲಿ ಅದೇ ಇರಲಿಲ್ಲ.

ಪ್ರೋಟೀನ್ ರಚನೆ ನೋಡುವ ಪೈಮಾಲ್ ಸಾಫ್ಟ್‌ವೇರ್‌ನಲ್ಲಿ 'ರಿಮೂವ್ ಹೆಟ್‌ಆಟಮ್' ಅಂತ ಹೊಡೆದರೆ ನೀರು, ಹಳೇ ಲಿಗ್ಯಾಂಡ್ (ಪ್ರೋಟೀನ್‌ಗೆ ಅಂಟಿದ್ದ ಸಣ್ಣ ಅಣು) ಜೊತೆ ಲೋಹವೂ ಹೋಗುತ್ತದೆ, ಯಾಕಂದರೆ ಪಿಡಿಬಿ ಫೈಲ್‌ನಲ್ಲಿ ಇವೆಲ್ಲಾ ಹೆಟ್‌ಆಟಮ್ (ಮಾಮೂಲಿ ಅಮೈನೋ ಆಮ್ಲಗಳದ್ದಲ್ಲದ ಪರಮಾಣು) ಸಾಲುಗಳೇ. ಸೆಲೆನೋಮೆಥಿಯೊನಿನ್ (ಸೆಲೆನಿಯಂ ಸೇರಿದ ಅಮೈನೋ ಆಮ್ಲ) ಇರುವ ಪ್ರೋಟೀನ್ ಆದರೆ ಇನ್ನೂ ಕಷ್ಟ. ಅದು ಸರಪಳಿಯದೇ ಭಾಗ, ಆದರೂ ಹೆಟ್‌ಆಟಮ್ ಅಂತಲೇ ಬರೆದಿರುತ್ತಾರೆ, ಅಳಿಸಿದರೆ ಸರಪಳಿ ಅಲ್ಲಲ್ಲಿ ತುಂಡಾಗುತ್ತದೆ.

ಸಾಲದ್ದಕ್ಕೆ ಅಮೈನೋ ಆಮ್ಲಗಳ ನಂಬರ್‌ಗಳನ್ನೂ 1ರಿಂದ ಹೊಸದಾಗಿ ಹಾಕಿದ್ದರು. ಈ ಪ್ರೋಟೀನ್‌ನಲ್ಲಿ 125 ಆದ ಮೇಲೆ 127 ಬರುತ್ತದೆ. ಅದು ತಪ್ಪಲ್ಲ, ಕಾರ್ಬಾನಿಕ್ ಅನ್‌ಹೈಡ್ರೇಸ್ 1ರ ಎಣಿಕೆಗೆ ಹೊಂದಿಸಿಕೊಂಡು ಬಂದ ರೂಢಿ. ಅದನ್ನು 'ಸರಿ' ಮಾಡಿದ್ದರಿಂದ ಪೇಪರ್‌ಗಳು ಹೇಳುವ 199ನೇ ಥ್ರಿಯೊನಿನ್ ನಮ್ಮ ಟೇಬಲ್‌ನಲ್ಲಿ ಬೇರೆ ನಂಬರ್ ಆಗಿತ್ತು.

ನನಗೆ ಜಾಸ್ತಿ ಸಿಟ್ಟು ಬರುವುದು ಯಾಕೆ ಗೊತ್ತಾ? ಸಾಫ್ಟ್‌ವೇರ್ ಇದರ ಬಗ್ಗೆ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಜಿಂಕ್ ಇರಲಿ ಬಿಡಲಿ, ಡಾಕಿಂಗ್ ಸಾಫ್ಟ್‌ವೇರ್ ವೀನಾ ಒಂದು ಸ್ಕೋರ್ ಕೊಟ್ಟೇ ಕೊಡುತ್ತದೆ. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಮೇಡಂ ಚಿತ್ರ ನೋಡಿದ ಕೂಡಲೇ "ಜಿಂಕ್ ಎಲ್ಲಿದೆಯಮ್ಮಾ?" ಅಂದರು. ಕೋರ್ಸ್‌ನವರನ್ನು ಕೇಳಿದರೆ, ಅದು ಸುಮ್ನೆ ಡೆಮೋಗೆ ಕೊಟ್ಟ ಫೈಲ್ ಅಂದುಬಿಟ್ಟರು. ಕೊಡುವಾಗ ಆ ಮಾತು ಹೇಳಿರಲಿಲ್ಲ.

ಮೂಲ ಫೈಲನ್ನು ನೀವೇ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ ಇಳಿಸಿಕೊಳ್ಳಿ. ಅಸೆಟಜೋಲಮೈಡ್ ಜೊತೆಗಿನ ರಚನೆ 3ಎಚ್‌ಎಸ್4 ಅಲ್ಲೇ ಇದೆ. ಎಡಿಟ್ ಮಾಡಿದ್ದನ್ನು ಬೇರೆ ಹೆಸರಿನಲ್ಲೇ ಸೇವ್ ಮಾಡಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ರಿಮಾರ್ಕ್ 465 ಓದಿ, ಕಾಣದೇ ಹೋದ ಅಮೈನೋ ಆಮ್ಲಗಳ ಪಟ್ಟಿ ಅಲ್ಲಿರುತ್ತದೆ. ನೀರು ಬೇಡ ಅನ್ನಿಸಿದರೆ ನೀರನ್ನು ಮಾತ್ರ ಆಯ್ದು ತೆಗೆಯಿರಿ. ಆಮೇಲೆ ಅದೇ ಲಿಗ್ಯಾಂಡನ್ನು ಮತ್ತೆ ಡಾಕ್ ಮಾಡಿ, ಮೊದಲಿದ್ದ ಜಾಗಕ್ಕೆ ಬಂತಾ ನೋಡಿ. ಜಿಂಕ್ ಇದ್ದರೂ ಕೆಲವೊಮ್ಮೆ ಬರುವುದಿಲ್ಲ, ಮಾಮೂಲಿ ಸ್ಕೋರಿಂಗ್‌ಗೆ ಲೋಹದ ಬಂಧ ಸರಿಯಾಗಿ ತಿಳಿಯುವುದಿಲ್ಲ. ಇದಕ್ಕೆಂದೇ ಆಟೋಡಾಕ್ ಅನ್ನುವ ಡಾಕಿಂಗ್ ಸಾಫ್ಟ್‌ವೇರ್‌ನಲ್ಲಿ ಬೇರೆ ಜಿಂಕ್ ಫೋರ್ಸ್‌ಫೀಲ್ಡ್ (ಪರಮಾಣುಗಳ ನಡುವಿನ ಬಲ ಲೆಕ್ಕ ಹಾಕುವ ಸೂತ್ರಗಳು) ಇದೆ.

ಆ ಫೈಲ್ ಈಗಲೂ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ನಿಮ್ಮ ಹತ್ತಿರ ಇದ್ದರೆ ಅದರೊಳಗೆ 'ಜೆಡ್‌ಎನ್' (ZN, ಜಿಂಕ್‌ನ ಗುರುತು) ಅಂತ ಹುಡುಕಿ. ಒಂದು ಸಾಲೂ ಸಿಗದಿದ್ದರೆ ಡಿಲೀಟ್ ಮಾಡಿ, ಕಳಿಸಿದವರಿಗೂ ಹೇಳಿ.