ನಾಲ್ಕು ಮೀಟರಿನೊಳಗಿನ ಎರಡು ಸೆಡಾನ್‌ಗಳು: ಬೆಂಗಳೂರಿನ ದಟ್ಟಣೆಯಲ್ಲಿ ಡಿಜೈರ್ ಮತ್ತು ಅಮೇಜ್

ಮಾರುತಿ ಡಿಜೈರ್ 2008ರಲ್ಲಿ ಬಂದಾಗ ಅದರ ಉದ್ದ 4,160 ಮಿ.ಮೀ. ಇತ್ತು, 2012ರ ಮಾದರಿಯಲ್ಲಿ ಅದು 3,995ಕ್ಕೆ ಇಳಿದು ಡಿಕ್ಕಿ ಮೊಟಕಾಯಿತು. ಉದ್ದ 4 ಮೀಟರ್, ಪೆಟ್ರೋಲ್ ಎಂಜಿನ್ 1,200 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕವನ್ನು 2006ರ ಕೇಂದ್ರ ಬಜೆಟ್ ಶೇ. 24ರಿಂದ 16ಕ್ಕೆ ಇಳಿಸಿದ್ದೇ ಇದಕ್ಕೆ ಕಾರಣ. 2013ರಲ್ಲಿ ಬಂದ ಹೋಂಡಾ ಅಮೇಜ್ ಮೊದಲಿನಿಂದಲೂ ಈ ಅಳತೆಯೊಳಗೇ ಇದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ, ಭಾರತದ ಒಂದು ತೆರಿಗೆ ನಿಯಮದಿಂದ ಹುಟ್ಟಿದ ಈ ವರ್ಗಕ್ಕೆ ಮತ್ತೆ ಜೀವ ಬಂದಿದೆ.

ಶೋರೂಮಿನವರು ಕೊಡುವ ಹತ್ತು ನಿಮಿಷದ ಓಡಾಟದಿಂದ ಏನೂ ತಿಳಿಯುವುದಿಲ್ಲವೆಂದು, ಭಾವನವರ ಡಿಜೈರ್ ಎಎಂಟಿಯನ್ನೂ ಸಹೋದ್ಯೋಗಿಯೊಬ್ಬರ ಅಮೇಜ್ ಸಿವಿಟಿಯನ್ನೂ (ಎರಡೂ ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್ ಕಾರುಗಳು) ಎರಡೆರಡು ದಿನ ಕೇಳಿ ಪಡೆದು, ಬಸವನಗುಡಿಯಿಂದ ಸಿಲ್ಕ್ ಬೋರ್ಡ್ ಮೂಲಕ ಮಾರತ್ತಹಳ್ಳಿಗೆ ಕಚೇರಿಯ ವೇಳೆಯಲ್ಲೇ ಓಡಿಸಿದೆ. ಎರಡೂ 2024ರ ಕೊನೆಯಲ್ಲಿ ಬಂದ ಹೊಸ ಪೀಳಿಗೆಯವು.

ಎರಡರಲ್ಲೂ ಎಡಗಾಲಿಗೆ ಕೆಲಸವಿಲ್ಲ, ಆದರೆ ಅದನ್ನು ಸಾಧಿಸಿರುವ ಬಗೆ ಬೇರೆ. ಎಎಂಟಿ ಎಂದರೆ ಮಾಮೂಲಿ ಗೇರುಪೆಟ್ಟಿಗೆಯೇ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ನಮ್ಮ ಬದಲು ಯಂತ್ರ ಮಾಡುತ್ತದೆ, ಹಾಗಾಗಿ ಪ್ರತಿ ಬದಲಾವಣೆಯಲ್ಲೂ ಎಂಜಿನ್ನಿನ ಎಳೆತ ಕ್ಷಣಕಾಲ ನಿಂತು ತಲೆ ಮುಂದಕ್ಕೆ ವಾಲುತ್ತದೆ. ಖಾಲಿ ರಸ್ತೆಯಲ್ಲಿ ಇದು ಗಮನಕ್ಕೇ ಬಾರದು. ಆದರೆ ಒಂದು, ಎರಡು, ಮತ್ತೆ ಒಂದು ಎಂದು ಮುಕ್ಕಾಲು ಗಂಟೆ ತೆವಳುವಾಗ ಆ ಒಲೆದಾಟ ನಿಲ್ಲುವುದೇ ಇಲ್ಲ. ಸಿವಿಟಿಯಲ್ಲಿ ಎರಡು ರಾಟೆಗಳ ನಡುವಿನ ಪಟ್ಟಿಯೇ ಅನುಪಾತವನ್ನು ಬದಲಿಸುತ್ತ ಹೋಗುವುದರಿಂದ ಎಳೆತ ಕಡಿಯುವುದಿಲ್ಲ. ಕತ್ತುನೋವಿರುವ ನನ್ನ ತಾಯಿ ಹಿಂದಿನ ಸೀಟಿನಲ್ಲಿ ಕುಳಿತು, ನಾನು ಏನನ್ನೂ ಕೇಳುವ ಮೊದಲೇ, "ಈ ಗಾಡಿ ತಲೆ ಆಡಿಸೋದಿಲ್ಲ ಕಣೋ" ಎಂದರು. ಸಿಗ್ನಲ್ಲಿನಲ್ಲಿ ನಿಂತಾಗ ಅಮೇಜಿನ ನಾಲ್ಕು ಸಿಲಿಂಡರಿನ ಎಂಜಿನ್ ಡಿಜೈರಿನ ಮೂರು ಸಿಲಿಂಡರಿನದಕ್ಕಿಂತ ಶಾಂತವಾಗಿತ್ತು. ಹೆದ್ದಾರಿಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ: ಲಾರಿಯೊಂದನ್ನು ದಾಟಲು ಪೆಡಲನ್ನು ಜೋರಾಗಿ ಒತ್ತಿದರೆ ಸಿವಿಟಿಯಲ್ಲಿ ಮೊದಲು ಸದ್ದು ಏರಿ, ವೇಗ ಆಮೇಲೆ ಬರುತ್ತದೆ.

ಹತ್ತಿ ಇಳಿಯುವಾಗ 25 ಮಿ.ಮೀ. ಹೆಚ್ಚು ಎತ್ತರದ ಡಿಜೈರ್ ತಾಯಿಗೆ ಅನುಕೂಲವೆನಿಸಿತು. ನೆಲದಿಂದ ತಳದ ಎತ್ತರ ಡಿಜೈರಿಗೆ 163, ಅಮೇಜಿಗೆ 172 ಮಿ.ಮೀ.; ನಮ್ಮ ಬಡಾವಣೆಗಳ ಅಡ್ಡಾದಿಡ್ಡಿ ಹಂಪುಗಳ ಮೇಲೆ, ಐವರು ಕುಳಿತಾಗ, ಈ 9 ಮಿ.ಮೀ. ಮನಸ್ಸಿಗೆ ಸಮಾಧಾನ ಕೊಡುತ್ತದೆ. ಡಿಕ್ಕಿಯ ವಿಷಯದಲ್ಲಿ 382 ಮತ್ತು 416 ಲೀಟರುಗಳ ಅಂತರ ದೊಡ್ಡದಲ್ಲ.

ಮೈಲೇಜಿನಲ್ಲಿ ಡಿಜೈರ್ ನಿಸ್ಸಂಶಯವಾಗಿ ಮುಂದಿದೆ. ಕಂಪನಿಗಳು ಹೇಳುವುದು ಲೀಟರಿಗೆ 25.71 ಮತ್ತು 19.46 ಕಿ.ಮೀ.; ನನ್ನ ದಾರಿಯಲ್ಲಿ ಕಾರಿನೊಳಗಿನ ಫಲಕ ತೋರಿಸಿದ್ದು ಸುಮಾರು 15 ಮತ್ತು 12. ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಗಳಿಸಿದ ಮೊದಲ ಮಾರುತಿ ಕಾರು ಈ ಡಿಜೈರ್ ಎಂಬುದನ್ನೂ ನಾನು ಹಗುರವಾಗಿ ಕಂಡಿಲ್ಲ. ತಿಂಗಳಿಗೆರಡು ಸಲ ಹಾಸನಕ್ಕೆ ಹೋಗಿಬರುವ ಭಾವನವರಿಗೆ ಅವರ ಆಯ್ಕೆಯೇ ಸರಿ. ನನ್ನ ಓಡಾಟದ ಬಹುಪಾಲು ಹೊರವರ್ತುಲ ರಸ್ತೆಯಲ್ಲಿ, ವಾರಕ್ಕೊಮ್ಮೆ ತಾಯಿಯೊಂದಿಗೆ ಆಸ್ಪತ್ರೆಗೆ. ಹೀಗಾಗಿ ಪೆಟ್ರೋಲಿನ ಹೆಚ್ಚುವರಿ ಖರ್ಚನ್ನು ಒಪ್ಪಿಕೊಂಡು ಅಮೇಜ್ ಸಿವಿಟಿಗೆ ಮುಂಗಡ ಕೊಟ್ಟಿದ್ದೇನೆ.